ಕೆಟ್ಟು ಕುಳಿತ ರೇಡಿಯೋ ಕಲಿಸುವ ಪಾಠ

ಗುಜರಿ ಅಂಗಡಿಗಳಲ್ಲಿ, ಹಳೆಯ ಮನೆಗಳ ಅಟ್ಟಗಳಲ್ಲಿ, ಕೆಲವು ಕಾಲೇಜುಗಳ ಪ್ರಯೋಗಶಾಲೆಯ ಮೂಲೆಗಳಲ್ಲಿ ಒಂದು ಬಗೆಯ ಕಬ್ಬಿಣದ ಪೆಟ್ಟಿಗೆ ಆಗಾಗ ನಮ್ಮ ಕಣ್ಣಿಗೆ ಬೀಳುವುದುಂಟು. ಮುಂಭಾಗದಲ್ಲಿ ಅಂಕಗಳನ್ನು ಕೆತ್ತಿದ ದೊಡ್ಡ ಬಿಲ್ಲೆ, ಸುತ್ತಲೂ ಏಳೆಂಟು ತಿರುಪುಗುಬ್ಬಿಗಳು, ಒಳಗೆ ಧೂಳು ಕವಿದ ಗಾಜಿನ ಬುರುಡೆಗಳು. ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರ. ಇದು ಹವ್ಯಾಸಿ ರೇಡಿಯೋಗಾರನೊಬ್ಬನ ಹಳೆಯ ಗ್ರಾಹಕವೆಂದು ಗುರುತಿಸುವವರು ಕಡಮೆ. ಆದುದರಿಂದ ಅದು ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಟ್ರಾನ್ಸ್‌ಫಾರ್ಮರಿನ ತಾಮ್ರ ಒಂದು ಕಡೆಗೆ, ಅಲ್ಯೂಮಿನಿಯಮ್ಮಿನ ತಗಡು ಇನ್ನೊಂದು ಕಡೆಗೆ ಹೋಗುತ್ತದೆ. ಹೀಗೆ ಒಡೆದುಹೋದ ಒಂದೊಂದು ಯಂತ್ರದೊಡನೆಯೂ ತೆರೆದಿಟ್ಟ ಪಠ್ಯಪುಸ್ತಕವೊಂದು ಶಾಶ್ವತವಾಗಿ ಮುಚ್ಚಿಹೋಗುತ್ತದೆಯೆಂಬುದು ನಮ್ಮ ಅಭಿಪ್ರಾಯ. ಇಂತಹ ಯಂತ್ರವನ್ನು ದುರಸ್ತಿ ಮಾಡುವುದು ಹೇಗೆ, ಅದರಿಂದ ಬರುವ ಸಂತೋಷ ಯಾವ ಬಗೆಯದು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಹವ್ಯಾಸಿ ರೇಡಿಯೋ ಎಂದರೇನು?

ಹಣಕ್ಕಾಗಿಯಲ್ಲದೆ ಕೇವಲ ವಿದ್ಯಾಸಕ್ತಿಯಿಂದ ರೇಡಿಯೋ ತರಂಗಗಳ ಮೂಲಕ ಪರಸ್ಪರ ಸಂಪರ್ಕ ಬೆಳೆಸುವವರನ್ನು ಹವ್ಯಾಸಿ ರೇಡಿಯೋಗಾರರು, ಅಥವಾ ರೂಢಿಯ ಮಾತಿನಲ್ಲಿ ‘ಹ್ಯಾಮ್‌’ಗಳು ಎನ್ನುತ್ತಾರೆ. ಇವರ ಚರಿತ್ರೆ ಸ್ವಾರಸ್ಯಕರವಾದುದು. ೧೯೧೨ರಲ್ಲಿ ಅಮೆರಿಕದ ಸರ್ಕಾರವು ಹವ್ಯಾಸಿಗಳನ್ನು ೨೦೦ ಮೀಟರು ಮತ್ತು ಅದಕ್ಕಿಂತ ಕಡಮೆ ಉದ್ದದ ತರಂಗಗಳಿಗೆ ತಳ್ಳಿತು. ದೂರಸಂಪರ್ಕಕ್ಕೆ ಉದ್ದನೆಯ ತರಂಗಗಳೇ ಬೇಕು, ಗಿಡ್ಡ ತರಂಗಗಳು ಕೆಲಸಕ್ಕೆ ಬಾರವು ಎಂಬುದು ಅಂದಿನ ಪಂಡಿತರ ನಂಬಿಕೆ. ೧೯೨೩ರ ನವೆಂಬರಿನಲ್ಲಿ ಫ್ರಾನ್ಸಿನ ಲೆಯೋ ದೆಲ್ವಾ ಎಂಬ ಹವ್ಯಾಸಿ, ಅಮೆರಿಕದ ಫ್ರೆಡ್ ಷ್ನೆಲ್ ಎಂಬ ಹವ್ಯಾಸಿಯೊಡನೆ ಸುಮಾರು ನೂರು ಮೀಟರಿನ ತರಂಗದ ಮೇಲೆ ಅಟ್ಲಾಂಟಿಕ್ ಸಾಗರದ ಆಚೆ ಈಚೆ ಸಂಭಾಷಿಸಿ ಆ ನಂಬಿಕೆಯನ್ನು ಬುಡಮೇಲು ಮಾಡಿದನು. ಬೇಡವೆಂದು ಎಸೆದ ಹೊಲದಲ್ಲಿಯೇ ಬಂಗಾರ ಸಿಕ್ಕಿದಂತಾಯಿತು!

ಇದು ಸಾಧ್ಯವಾದುದು ಹೇಗೆ? ಭೂಮಿಯ ಮೇಲೆ ನೂರಾರು ಕಿಲೋಮೀಟರು ಎತ್ತರದಲ್ಲಿ ಸೂರ್ಯನ ಕಿರಣಗಳಿಂದ ವಿದ್ಯುದಾವೇಶ ಹೊಂದಿದ ಅಯಾನುಗೋಳವೆಂಬ ಪದರವಿದೆ. ಅದು ಗಿಡ್ಡ ತರಂಗಗಳನ್ನು ಬಾಗಿಸಿ ಮರಳಿ ನೆಲಕ್ಕೆ ಕಳುಹಿಸುತ್ತದೆ. ೧೯೨೪ರಲ್ಲಿ ಇಂಗ್ಲೆಂಡಿನ ಆಪಲ್‌ಟನ್ ಇದನ್ನು ಪ್ರಯೋಗದಿಂದ ಸ್ಥಾಪಿಸಿದರು. ನಮ್ಮ ದೇಶದಲ್ಲಿ ಕಲ್ಕತ್ತೆಯ ಪ್ರಾಧ್ಯಾಪಕ ಶಿಶಿರಕುಮಾರ ಮಿತ್ರರು ಈ ಪದರಗಳನ್ನು ಕುರಿತು ನಡೆಸಿದ ಸಂಶೋಧನೆ ಜಗತ್ಪ್ರಸಿದ್ಧವಾದುದು. ಕನ್ನಡ ನಾಡಿಗೂ ಈ ಉತ್ಸಾಹ ಬೇಗನೆ ತಲಪಿತು. ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಮೂವತ್ತು ವಾಟುಗಳ ಸಣ್ಣ ಪ್ರೇಷಕವನ್ನಿಟ್ಟು ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದು ಅಲ್ಲಿ. ಭೌತವಿಜ್ಞಾನಿಯಲ್ಲದವರು ಸ್ವಂತ ಆಸಕ್ತಿಯಿಂದ ಇಷ್ಟನ್ನು ಸಾಧಿಸಿದರೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆಗಳಲ್ಲಿ ಮಿಕ್ಕ ರೇಡಿಯೋ ಯಂತ್ರಗಳು ಪ್ರಪಂಚದಾದ್ಯಂತ ಅಗ್ಗದ ಬೆಲೆಗೆ ಮಾರಾಟವಾದವು. ‘ಡಿಸ್ಪೋಸಲ್ ಮಾಲು’ ಎಂದು ಹೆಸರಾದ ಇವು ಹವ್ಯಾಸಿಗಳ ಕೈಸೇರಿ ಎರಡನೆಯ ಬಾಳನ್ನು ಆರಂಭಿಸಿದವು. ಇಂದು ನಮಗೆ ಸಿಕ್ಕುವ ಹಳೆಯ ಯಂತ್ರಗಳಲ್ಲಿ ಅನೇಕವು ಈ ಮೂಲದವು.

ಬುರುಡೆಯೊಳಗಿನ ವ್ಯಾಪಾರ

ಯಂತ್ರವನ್ನು ದುರಸ್ತಿ ಮಾಡಬೇಕಾದರೆ ಅದರ ಕೆಲಸ ತಿಳಿದಿರಬೇಕು. ಗಾಜಿನ ಬುರುಡೆಗಳಿಗೆ ವಾಲ್ವುಗಳೆಂದು ಹೆಸರು. ೧೯೦೪ರಲ್ಲಿ ಫ್ಲೆಮಿಂಗ್ ಎರಡು ಧ್ರುವಗಳ ವಾಲ್ವನ್ನೂ, ೧೯೦೬ರಲ್ಲಿ ಡಿ ಫಾರೆಸ್ಟ್ ಮೂರು ಧ್ರುವಗಳ ವಾಲ್ವನ್ನೂ ರಚಿಸಿದರು. ಗಾಳಿಯನ್ನು ಹೊರತೆಗೆದ ಬುರುಡೆಯ ನಡುವೆ ಕ್ಯಾಥೋಡ್ ಎಂಬ ಸಣ್ಣ ನಳಿಗೆಯಿರುತ್ತದೆ. ಅದು ಕೆಂಪಗೆ ಕಾದಾಗ ಅದರ ಮೈಯಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಸುತ್ತಲಿನ ಪ್ಲೇಟಿಗೆ ಧನ ವೋಲ್ಟೇಜು ಕೊಟ್ಟಿರುವುದರಿಂದ ಅವು ಅತ್ತ ಧಾವಿಸುತ್ತವೆ. ಇವೆರಡರ ನಡುವೆ ತಂತಿಯ ಜಾಲರಿಯಂತಹ ಗ್ರಿಡ್ ಉಂಟು. ಗ್ರಿಡ್ಡಿನ ಋಣ ವೋಲ್ಟೇಜು ಹೆಚ್ಚಿದಂತೆ ಎಲೆಕ್ಟ್ರಾನುಗಳ ಪ್ರವಾಹ ತಗ್ಗುತ್ತದೆ, ಕಡಮೆಯಾದಂತೆ ಏರುತ್ತದೆ. ಕಾಲುವೆಯ ತೂಬಿನ ಹಲಗೆಯನ್ನು ಕೊಂಚವೇ ಎತ್ತಿದರೆ ನೀರು ಬಹಳವಾಗಿ ಹರಿಯುವಂತೆ, ಗ್ರಿಡ್ಡಿನಲ್ಲಾಗುವ ಅತ್ಯಲ್ಪ ಬದಲಾವಣೆಯು ಪ್ಲೇಟಿನ ಪ್ರವಾಹದಲ್ಲಿ ದೊಡ್ಡ ಬದಲಾವಣೆಯನ್ನು ತರುತ್ತದೆ. ವರ್ಧನೆಯ ರಹಸ್ಯ ಇಷ್ಟೆ.

ವಾಲ್ವಿನ ಗಾಜಿನ ಒಳಮೈಯಲ್ಲಿ ಬೆಳ್ಳಿಯಂತೆ ಹೊಳೆಯುವ ಮಚ್ಚೆಯೊಂದನ್ನು ಕಾಣಬಹುದು. ಅದು ಬೇರಿಯಂ ಲೋಹದ ಲೇಪ. ಒಳಗೆ ಉಳಿದ ಅನಿಲದ ಅಣುಗಳನ್ನು ಹೀರಿಕೊಳ್ಳುವುದು ಅದರ ಕೆಲಸ. ಆ ಮಚ್ಚೆ ಹಾಲಿನಂತೆ ಬೆಳ್ಳಗಾಗಿದ್ದರೆ ಬುರುಡೆಗೆ ಗಾಳಿ ಹೊಕ್ಕಿದೆಯೆಂದೂ ಆ ವಾಲ್ವು ಸತ್ತಿತೆಂದೂ ತಿಳಿಯಬೇಕು. ಯಾವ ಉಪಕರಣವೂ ಇಲ್ಲದೆ ಬರಿಗಣ್ಣಿನಿಂದಲೇ ಮಾಡಬಹುದಾದ ರೋಗಪರೀಕ್ಷೆಯಿದು.

ಇನ್ನು ಗ್ರಾಹಕದ ಒಟ್ಟು ರಚನೆ. ೧೯೧೮ರಲ್ಲಿ ಆರ್ಮ್‌ಸ್ಟ್ರಾಂಗ್ ಕಂಡುಹಿಡಿದ ‘ಸೂಪರ್‌ಹೆಟ್’ ಎಂಬ ವಿಧಾನವನ್ನೇ ಬಹುಮಟ್ಟಿಗೆ ಎಲ್ಲ ಗ್ರಾಹಕಗಳೂ ಅನುಸರಿಸುತ್ತವೆ. ೭೧೦೦ ಕಿಲೋಹರ್ಟ್ಸ್ ಆವರ್ತಾಂಕದ ಸಂಕೇತವನ್ನು ಹಿಡಿಯಬೇಕೆಂದಿಟ್ಟುಕೊಳ್ಳೋಣ. ಗ್ರಾಹಕದೊಳಗಿನ ಆಂದೋಲಕವು ೭೫೫೫ ಕಿಲೋಹರ್ಟ್ಸ್ ಆವರ್ತಾಂಕವನ್ನು ಉತ್ಪಾದಿಸುತ್ತದೆ. ಎರಡೂ ಬೆರೆತಾಗ ಅವುಗಳ ವ್ಯತ್ಯಾಸವಾದ ೪೫೫ ಕಿಲೋಹರ್ಟ್ಸ್ ಹುಟ್ಟುತ್ತದೆ. ಯಾವ ನಿಲಯವನ್ನು ಹಿಡಿದರೂ ಈ ವ್ಯತ್ಯಾಸ ಒಂದೇ ಆಗಿರುವಂತೆ ಏರ್ಪಡಿಸುವುದರಿಂದ ಮುಂದಿನ ವರ್ಧಕಗಳನ್ನು ಈ ಒಂದೇ ಆವರ್ತಾಂಕಕ್ಕೆ ಶ್ರುತಿ ಮಾಡಿಟ್ಟರೆ ಸಾಕು. ತಂಬೂರಿಯನ್ನು ಒಂದೇ ಶ್ರುತಿಗೆ ನಿಲ್ಲಿಸಿ ಎಲ್ಲ ರಾಗಗಳನ್ನೂ ಹಾಡಿದಂತೆ! ಹಳೆಯ ಬಿಲ್ಲೆಗಳ ಮೇಲೆ ಹರ್ಟ್ಸ್ ಎಂಬ ಪದದ ಬದಲು ‘ಸೈಕಲ್’ ಎಂದಿರುತ್ತದೆ; ಎರಡೂ ಒಂದೇ.

ಈ ವಿಧಾನವನ್ನು ಪರಾಕಾಷ್ಠೆಗೆ ಕೊಂಡೊಯ್ದ ಯಂತ್ರಗಳಲ್ಲಿ ಅಮೆರಿಕದ ನ್ಯಾಷನಲ್ ಕಂಪೆನಿಯು ೧೯೩೫ರಲ್ಲಿ ಹೊರತಂದ ‘ಎಚ್‌ಆರ್‌ಓ’ ಗ್ರಾಹಕ ಹೆಸರಾದುದು. ಇದರ ಬಿಲ್ಲೆಯನ್ನು ಪೂರ್ತಿ ಹತ್ತು ಸುತ್ತು ತಿರುಗಿಸಿದರೆ ಒಳಗಿನ ಶ್ರುತಿ ಕಂಡೆನ್ಸರು ಕೇವಲ ಅರ್ಧ ಸುತ್ತು ತಿರುಗುತ್ತದೆ. ಹತ್ತು ಸುತ್ತುಗಳಲ್ಲಿ ಐನೂರು ಗೆರೆಗಳು ಒಂದೊಂದಾಗಿ ಹಾದುಹೋಗುವುದರಿಂದ ಕೂದಲೆಳೆಯಷ್ಟು ಅಂತರದ ನಿಲಯಗಳನ್ನೂ ಬಿಡಿಸಿ ಹಿಡಿಯಬಹುದು. ಯುದ್ಧಕಾಲದಲ್ಲಿ ಜರ್ಮನರ ಗೂಢಸಂದೇಶಗಳನ್ನು ಕದ್ದಾಲಿಸಲು ಬ್ರಿಟನ್ನು ಈ ಗ್ರಾಹಕಗಳನ್ನು ಬಹಳವಾಗಿ ಬಳಸಿತು. ಸಂದೇಶಗಳನ್ನು ಬರೆದುಕೊಂಡು ಕಳುಹಿಸಿದವರಲ್ಲಿ ಅನೇಕರು, ಸ್ವಯಂಸೇವಕರಾಗಿ ತಮ್ಮ ಮನೆಗಳಲ್ಲಿ ರಾತ್ರಿಯಿಡೀ ಕಿವಿಗೊಟ್ಟು ಕುಳಿತ ಹವ್ಯಾಸಿಗಳು. ಅವರ ಹವ್ಯಾಸವೇ ಅವರ ದೇಶಕ್ಕೆ ಆಪತ್ಕಾಲದ ಬಂಡವಾಳವಾಯಿತು.

ಮೊದಲು ಜೀವ, ಆಮೇಲೆ ಯಂತ್ರ

ದುರಸ್ತಿಗೆ ಕೈಹಾಕುವ ಮೊದಲು ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಇಂದಿನ ಕೈ ರೇಡಿಯೋದಲ್ಲಿ ಕೆಲವೇ ವೋಲ್ಟುಗಳಿರುತ್ತವೆ. ವಾಲ್ವು ಗ್ರಾಹಕದಲ್ಲಾದರೋ ೨೫೦ರಿಂದ ೩೫೦ ವೋಲ್ಟು ಸಾಮಾನ್ಯ. ಪ್ರೇಷಕಗಳಲ್ಲಿ ಸಾವಿರವನ್ನೂ ಮೀರುವುದುಂಟು. ಎದೆಯ ಮೂಲಕ ಹಾಯುವ ಕೆಲವು ಹತ್ತು ಮಿಲಿಆಂಪೇರುಗಳ ಪ್ರವಾಹ ಪ್ರಾಣ ತೆಗೆಯಬಲ್ಲದು. ಈ ಯಂತ್ರಗಳು ಅದಕ್ಕಿಂತ ಹೆಚ್ಚನ್ನೇ ಕೊಡಬಲ್ಲವು.

ಸ್ವಿಚ್ಚನ್ನು ಆರಿಸಿದ ಮಾತ್ರಕ್ಕೆ ಅಪಾಯ ಕಳೆಯಿತೆಂದು ಭಾವಿಸಲಾಗದು. ೧೬ ಮೈಕ್ರೋಫ್ಯಾರಡ್ ಕಂಡೆನ್ಸರೊಂದು ೩೫೦ ವೋಲ್ಟಿಗೆ ಏರಿದ್ದರೆ ಅದರಲ್ಲಿ ಅಡಗಿದ ಶಕ್ತಿ ಸುಮಾರು ಒಂದು ಜೂಲ್. ಧಾರಕತೆಯ ಅರ್ಧವನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿ ಓದುಗರೇ ತಾಳೆನೋಡಬಹುದು. ಸೂತ್ರದಲ್ಲಿ ವೋಲ್ಟೇಜಿನ ವರ್ಗ ಬರುವುದರಿಂದ, ಸಾವಿರ ವೋಲ್ಟಿನ ಪ್ರೇಷಕದಲ್ಲಿ ೪೦ ಮೈಕ್ರೋಫ್ಯಾರಡ್ ಇದ್ದರೆ ಶಕ್ತಿ ಇಪ್ಪತ್ತು ಜೂಲಿಗೆ ಏರುತ್ತದೆ. ಆದುದರಿಂದ ಮೊದಲು ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಗ್ರಾಹಕದ ಕಂಡೆನ್ಸರನ್ನು ಹತ್ತು ಸಾವಿರ ಓಮುಗಳ ದಪ್ಪ ರೋಧಕವೊಂದರ ಮೂಲಕ ಬರಿದುಮಾಡಿ, ಮೀಟರಿನಿಂದ ಅಳೆದು ಸೊನ್ನೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಕೈಯಿಡತಕ್ಕದ್ದು. ವಿದ್ಯುತ್ತು ಹರಿಯುತ್ತಿರುವಾಗ ಅಳೆಯಬೇಕಾದರೆ ಒಂದೇ ಕೈಯನ್ನು ಬಳಸಿ ಇನ್ನೊಂದನ್ನು ಜೇಬಿನಲ್ಲಿಡುವುದು ಹಳಬರ ನಿಯಮ. ಪ್ರವಾಹಕ್ಕೆ ಎದೆಯ ಮೂಲಕ ದಾರಿ ಸಿಗದಿರಲೆಂದು. ಒಂಟಿಯಾಗಿ ಕೆಲಸ ಮಾಡಬಾರದು. ಪ್ರೇಷಕದ ಒಳಭಾಗವನ್ನು ವಿದ್ಯಾರ್ಥಿಗಳು ಅನುಭವಸ್ಥರ ಜೊತೆಯಿಲ್ಲದೆ ಮುಟ್ಟಲೇಬಾರದು.

ಕೆಲವು ಅಗ್ಗದ ಗ್ರಾಹಕಗಳಲ್ಲಿ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಅವುಗಳ ಲೋಹದ ಚೌಕಟ್ಟು ನೇರವಾಗಿ ಮನೆಯ ವಿದ್ಯುತ್ತಿಗೆ ಸೇರಿರುತ್ತದೆ. ಅಂತಹವು ಆರಂಭಿಕರಿಗೆ ತಕ್ಕವಲ್ಲ. ಅಮೆರಿಕದಲ್ಲಿ ತಯಾರಾದ ಯಂತ್ರಗಳು ಸಾಮಾನ್ಯವಾಗಿ ೧೧೦ ವೋಲ್ಟಿಗೆ ಏರ್ಪಟ್ಟವಾದುದರಿಂದ ನಮ್ಮ ೨೩೦ ವೋಲ್ಟಿಗೆ ನೇರವಾಗಿ ಜೋಡಿಸಬಾರದೆಂಬುದನ್ನೂ ನೆನಪಿಡಬೇಕು.

ಯುದ್ಧಕಾಲದ ಕೆಲವು ಮೀಟರುಗಳ ಮುಳ್ಳು ಮತ್ತು ಅಂಕಗಳಿಗೆ, ಕತ್ತಲೆಯಲ್ಲಿ ಹೊಳೆಯಲೆಂದು ರೇಡಿಯಂ ಬೆರೆತ ಬಣ್ಣ ಬಳಿದಿದ್ದರು. ಇಂದು ಅವು ಹೊಳೆಯುವುದಿಲ್ಲ. ಹಾಗೆಂದು ರೇಡಿಯಂ ಮುಗಿಯಿತೆಂದಲ್ಲ. ಅದರ ಅರ್ಧಾಯುಷ್ಯ ೧೬೦೦ ವರ್ಷ. ಸವೆದುಹೋದುದು ಬೆಳಕು ಬೀರುತ್ತಿದ್ದ ರಾಸಾಯನಿಕ ಮಾತ್ರ. ಇಂತಹ ಮೀಟರಿನ ಗಾಜನ್ನು ತೆಗೆಯುವುದಾಗಲಿ ಬಣ್ಣವನ್ನು ಕೆರೆಯುವುದಾಗಲಿ ಕೂಡದು.

ಒಂದು ಬಲ್ಬಿನ ಉಪಕಾರ

ವರ್ಷಗಟ್ಟಲೆ ಮಲಗಿದ್ದ ಯಂತ್ರವನ್ನು ಒಮ್ಮೆಲೇ ವಿದ್ಯುತ್ತಿಗೆ ಜೋಡಿಸುವುದು ಅವಿವೇಕ. ಒಳಗೆ ಎಲ್ಲಿಯಾದರೂ ಷಾರ್ಟ್ ಆಗಿದ್ದರೆ ಟ್ರಾನ್ಸ್‌ಫಾರ್ಮರು ಸುಟ್ಟುಹೋಗುತ್ತದೆ. ಅದಕ್ಕೆ ಬದಲು ಸಿಕ್ಕುವುದು ಕಷ್ಟ. ನಮ್ಮೂರ ಎಲೆಕ್ಟ್ರಿಷಿಯನ್ನರೆಲ್ಲ ಬಳಸುವ ‘ಸೀರೀಸ್ ಬಲ್ಬು’ ಇಲ್ಲಿ ಉಪಕಾರಕ್ಕೆ ಬರುತ್ತದೆ. ನೂರು ವಾಟಿನ ಹಳೆಯ ತಂತುದೀಪವೊಂದನ್ನು ಯಂತ್ರದೊಡನೆ ಸರಣಿಯಲ್ಲಿ ಜೋಡಿಸಬೇಕು. ಷಾರ್ಟ್ ಇದ್ದರೆ ಬಲ್ಬು ಪೂರ್ಣವಾಗಿ ಬೆಳಗುತ್ತದೆ, ಆಗಲೂ ೦.೪೩ ಆಂಪೇರಿಗಿಂತ ಹೆಚ್ಚು ಪ್ರವಾಹ ನಿಲ್ಲದು. ಎಲ್ಲವೂ ಸರಿಯಾಗಿದ್ದರೆ ಕ್ಷಣಕಾಲ ಬೆಳಗಿ ಮಂಕಾಗುತ್ತದೆ. ತಂತು ತಣ್ಣಗಿರುವಾಗ ಅದರ ರೋಧ ಕಾದಾಗಿನದರ ಸುಮಾರು ಹತ್ತನೆಯ ಒಂದು ಭಾಗ ಮಾತ್ರ. ಪ್ರವಾಹ ಅಲ್ಪವಾದಾಗ ತಾನೇ ದಾರಿ ಬಿಟ್ಟು, ಹೆಚ್ಚಾದಾಗ ತಾನೇ ಅಡ್ಡನಿಲ್ಲುವ ಕಾವಲುಗಾರ ಅದು. ಎಲ್‌ಇಡಿ ಬಲ್ಬಿನಲ್ಲಿ ಈ ಗುಣವಿಲ್ಲವಾದುದರಿಂದ ಅದು ಈ ಕೆಲಸಕ್ಕೆ ಬಾರದು. ಈ ಏರ್ಪಾಡು ಯಂತ್ರವನ್ನು ಕಾಪಾಡುತ್ತದೆಯೇ ಹೊರತು ಮುಟ್ಟಿದವರನ್ನಲ್ಲ ಎಂಬುದನ್ನು ಮರೆಯಬಾರದು.

ಕಂಡೆನ್ಸರಿನ ಸೋರಿಕೆ

ಹಳೆಯ ರೇಡಿಯೋ ಕೆಟ್ಟಿತೆಂದರೆ ಜನರು ವಾಲ್ವನ್ನು ಶಂಕಿಸುತ್ತಾರೆ. ನಿಜವಾಗಿ ಹೆಚ್ಚಾಗಿ ತಪ್ಪಿತಸ್ಥನಾಗಿರುವುದು ಕಂಡೆನ್ಸರು. ವಿದ್ಯುತ್ತನ್ನು ನಯಗೊಳಿಸುವ ದೊಡ್ಡ ಕಂಡೆನ್ಸರುಗಳೊಳಗಿನ ದ್ರಾವಣ ಕಾಲಕ್ರಮದಲ್ಲಿ ಒಣಗುತ್ತದೆ. ಆಗ ಧ್ವನಿವರ್ಧಕದಿಂದ ‘ಗುಂಯ್’ ಎಂಬ ಸದ್ದು ಹೊರಡುತ್ತದೆ. ಆ ಸದ್ದಿನ ಸ್ಥಾಯಿಯನ್ನು ಗಮನಿಸಿದರೂ ಸುಳಿವು ಸಿಗುತ್ತದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳದ್ದು. ಪೂರ್ಣತರಂಗ ಏಕಮುಖೀಕರಣದ ಬಳಿಕ ಉಳಿಯುವ ಏರಿಳಿತ ೧೦೦ ಆವರ್ತಗಳದ್ದು. ಸದ್ದು ೧೦೦ ಆವರ್ತದ್ದಾದರೆ ನಯಗೊಳಿಸುವ ಕಂಡೆನ್ಸರನ್ನು ಶಂಕಿಸಬೇಕು. ಮಂದ್ರವಾದ ೫೦ ಆವರ್ತದ್ದಾದರೆ ವಾಲ್ವಿನ ಕಾವುತಂತಿಯಿಂದ ಸೋರಿಕೆಯನ್ನು ಶಂಕಿಸಬೇಕು.

ಇದಕ್ಕಿಂತ ಕಪಟಿಯಾದುದು ಕಾಗದದ ಕಂಡೆನ್ಸರು. ನಮ್ಮ ಪ್ರಯೋಗಶಾಲೆಗೆ ವಿದ್ಯಾರ್ಥಿಗಳು ತಂದ ಗ್ರಾಹಕವೊಂದರಲ್ಲಿ ಮಾತು ಒಡಕಾಗಿ ಕೇಳುತ್ತಿತ್ತು; ಹತ್ತು ನಿಮಿಷದಲ್ಲಿ ಕೊನೆಯ ವಾಲ್ವು ಮುಟ್ಟಲಾರದಷ್ಟು ಬಿಸಿಯಾಗುತ್ತಿತ್ತು. ಅದು ೬ವಿ೬ ಎಂಬ ಪ್ರಸಿದ್ಧ ವಾಲ್ವು. ಅದರ ಪ್ಲೇಟಿಗೆ ೨೫೦ ವೋಲ್ಟು ಕೊಟ್ಟು ಗ್ರಿಡ್ಡನ್ನು ೧೨.೫ ವೋಲ್ಟಿನಷ್ಟು ಋಣವಾಗಿಟ್ಟರೆ ೪೫ ಮಿಲಿಆಂಪೇರ್ ಹರಿಯುತ್ತದೆ. ಪ್ಲೇಟಿನಲ್ಲಿ ವ್ಯಯವಾಗುವ ಶಕ್ತಿ ಸುಮಾರು ೧೧ ವಾಟು. ಇನ್ನು ಕಾಗದದ ಕಂಡೆನ್ಸರು ಸೋರುತ್ತದೆಯೆನ್ನೋಣ. ಅದರ ಸೋರಿಕೆಯ ರೋಧ ಹತ್ತು ಮೆಗಓಮು, ಗ್ರಿಡ್ಡಿನ ರೋಧಕ ಅರ್ಧ ಮೆಗಓಮು, ಹಿಂದಿನ ವಾಲ್ವಿನ ಪ್ಲೇಟಿನಲ್ಲಿ ೧೦೫ ವೋಲ್ಟು. ಓಮನ ನಿಯಮದಂತೆ ಹರಿಯುವ ಪ್ರವಾಹ ಹತ್ತು ಮೈಕ್ರೋಆಂಪೇರ್, ಅಂದರೆ ಆಂಪೇರಿನ ಲಕ್ಷದಲ್ಲೊಂದು ಭಾಗ! ಅಷ್ಟರಿಂದಲೇ ಗ್ರಿಡ್ಡಿನ ಮೇಲೆ ಐದು ಧನ ವೋಲ್ಟು ಬಂದು ಕೂಡುತ್ತದೆ. ಗ್ರಿಡ್ಡು ಒಂದು ವೋಲ್ಟು ಬದಲಾದರೆ ಈ ವಾಲ್ವಿನ ಪ್ರವಾಹ ಸುಮಾರು ನಾಲ್ಕು ಮಿಲಿಆಂಪೇರ್ ಬದಲಾಗುತ್ತದೆ; ಐದು ವೋಲ್ಟಿಗೆ ಇಪ್ಪತ್ತು. ವಾಟುಗಳು ಹನ್ನೊಂದರಿಂದ ಹದಿನಾರಕ್ಕೆ ಏರುತ್ತವೆ. ಹನ್ನೆರಡು ವಾಟಿಗೆಂದು ಕಟ್ಟಿದ ವಾಲ್ವು ಬೇಯುತ್ತದೆ; ತಡಮಾಡಿದರೆ ಟ್ರಾನ್ಸ್‌ಫಾರ್ಮರೂ ಅದನ್ನು ಹಿಂಬಾಲಿಸುತ್ತದೆ. ಮೀಟರಿನಿಂದ ಗ್ರಿಡ್ಡನ್ನು ಅಳೆದಾಗ ಈ ಧನ ವೋಲ್ಟೇಜು ಸಿಕ್ಕಿಬಿದ್ದಿತು. ಕೆಲವು ರೂಪಾಯಿಗಳ ಹೊಸ ಕಂಡೆನ್ಸರು ಹಾಕಿದೊಡನೆ ಮಾತು ತಿಳಿಯಾಯಿತು. ಆ ದಿನ ಓಮನ ನಿಯಮವನ್ನು ಕಲಿತ ವಿದ್ಯಾರ್ಥಿಗಳು ಅದನ್ನು ಮರೆಯಲಾರರು.

ದೋಷವನ್ನು ಹುಡುಕುವ ಕ್ರಮ

ಸಿಕ್ಕಿದ ಭಾಗವನ್ನೆಲ್ಲ ಬದಲಾಯಿಸುತ್ತ ಹೋಗುವುದು ದುರಸ್ತಿಯಲ್ಲ, ಜೂಜು. ವಿವೇಕಿಯು ಹಿಂದಿನಿಂದ ಮುಂದಕ್ಕೆ ಸಾಗುತ್ತಾನೆ. ಮೊದಲು ವಿದ್ಯುತ್ ಪೂರೈಕೆ ಸರಿಯೇ? ಧ್ವನಿವರ್ಧಕ ನುಡಿಯುವುದೇ? ಬಳಿಕ ಸಂಕೇತೋತ್ಪಾದಕದಿಂದ ಸಣ್ಣ ಸಂಕೇತವನ್ನು ಗ್ರಾಹಕದ ನಡುಭಾಗಕ್ಕೆ ಕೊಡಬೇಕು. ಸದ್ದು ಬಂದರೆ ಹಿಂದಿನ ಅರ್ಧ ನಿರ್ದೋಷಿ. ಬಾರದಿದ್ದರೆ ದೋಷ ಅಲ್ಲಿಯೇ ಇದೆ. ಹೀಗೆ ಅರ್ಧವನ್ನು ಮತ್ತೆ ಅರ್ಧಮಾಡುತ್ತ ಹೋದರೆ ಹದಿನಾರು ಘಟ್ಟಗಳಿರುವ ಯಂತ್ರದಲ್ಲಿಯೂ ನಾಲ್ಕೇ ಪರೀಕ್ಷೆಗಳಲ್ಲಿ ದೋಷಿಯ ಮನೆಬಾಗಿಲು ಸೇರುತ್ತೇವೆ. ಶ್ರುತಿ ಮಾಡುವ ತಿರುಪುಗಳನ್ನು ಮಾತ್ರ ಕೊನೆಯವರೆಗೂ ಮುಟ್ಟಬಾರದು. ಅವು ತಾವಾಗಿ ಬಹಳ ದೂರ ಸರಿಯುವುದು ಅಪರೂಪ.

ಭಾಗಗಳು ಸಿಕ್ಕುವುದೆಲ್ಲಿ? ರೋಧಕ, ಕಂಡೆನ್ಸರುಗಳು ಬೆಂಗಳೂರಿನ ಎಸ್‌.ಪಿ. ರಸ್ತೆಯಂತಹ ಪೇಟೆಗಳಲ್ಲಿ ದೊರೆಯುತ್ತವೆ. ವಾಲ್ವುಗಳನ್ನಂತೂ ಹಳೆಯ ದಾಸ್ತಾನುಗಳಲ್ಲಿ ಹುಡುಕಬೇಕು. ೧೯೫೪ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ೧೯೬೦ರ ದಶಕದಲ್ಲಿ ರೇಡಿಯೋ ವಾಲ್ವುಗಳನ್ನೂ ತಯಾರಿಸುತ್ತಿತ್ತು. ಆ ಗುರುತಿನ ವಾಲ್ವುಗಳು ಹಳೆಯ ಡಬ್ಬಗಳಲ್ಲಿ ಈಗಲೂ ಸಿಕ್ಕುವುದುಂಟು.

ಎಷ್ಟನ್ನು ಬದಲಾಯಿಸಬೇಕು?

ಇಲ್ಲಿ ಬಲ್ಲವರಲ್ಲಿಯೂ ಭಿನ್ನಾಭಿಪ್ರಾಯ ಉಂಟು. ಯಂತ್ರ ನುಡಿಯಲೇಬೇಕೆಂದು ಹಳೆಯ ಭಾಗಗಳನ್ನೆಲ್ಲ ಕಿತ್ತು ಹೊಸವನ್ನು ತುಂಬಿದರೆ ಅದು ಚರಿತ್ರೆಯ ಸಾಕ್ಷಿಯಾಗಿ ಉಳಿಯುವುದಿಲ್ಲ. ಏನನ್ನೂ ಮುಟ್ಟದೆ ಗಾಜಿನ ಕಪಾಟಿನಲ್ಲಿಟ್ಟರೆ ಅದು ಮೂಕವಾಗಿಯೇ ಉಳಿಯುತ್ತದೆ. ಕೆಲವರು ಹಳೆಯ ಕಂಡೆನ್ಸರಿನ ಹೊರಕವಚವನ್ನು ಉಳಿಸಿ, ಒಳಗೆ ಹೊಸದನ್ನು ಅಡಗಿಸಿ ಎರಡನ್ನೂ ಸಾಧಿಸುತ್ತಾರೆ. ಯಂತ್ರವನ್ನು ನುಡಿಸುವುದೇ ಮೇಲೆಂಬುದು ನಮ್ಮ ಮತ. ಆದರೆ ಬದಲಾಯಿಸಿದ ಪ್ರತಿಯೊಂದು ಭಾಗವನ್ನೂ ದಿನಾಂಕಸಹಿತ ಬರೆದಿಡಬೇಕು, ಕಿತ್ತ ಭಾಗಗಳನ್ನು ಚೀಟಿ ಹಚ್ಚಿ ಕಾಪಾಡಬೇಕು, ಹೊರಫಲಕಕ್ಕೆ ಹೊಸ ತೂತು ಕೊರೆಯಬಾರದು. ಮುಂದಿನವನು ಬಯಸಿದರೆ ಹಿಂದಿನ ಸ್ಥಿತಿಗೆ ತರಲು ಸಾಧ್ಯವಾಗುವಂತೆ ಮಾಡಿದ ಕೆಲಸವೇ ಒಳ್ಳೆಯ ಕೆಲಸ.

ಕೇಳುವ ಸುಖ

ದುರಸ್ತಿಯಾದ ಗ್ರಾಹಕಕ್ಕೆ ಹತ್ತಿಪ್ಪತ್ತು ಮೀಟರು ತಂತಿಯನ್ನು ಏರಿಯಲ್ಲಾಗಿ ಕಟ್ಟಿ, ವಿದ್ಯುತ್ ಕಂಬಗಳ ತಂತಿಗಳಿಂದ ದೂರವಿಟ್ಟು, ೭೦೦೦ರಿಂದ ೭೨೦೦ ಕಿಲೋಹರ್ಟ್ಸ್ ನಡುವೆ ಮೆಲ್ಲನೆ ಹುಡುಕಬೇಕು. ಹಗಲಿನಲ್ಲಿ ದಕ್ಷಿಣ ಭಾರತದ ಹವ್ಯಾಸಿಗಳು, ರಾತ್ರಿಯಲ್ಲಿ ಇನ್ನೂ ದೂರದವರು ಕೇಳಿಸಬಹುದು. ಅವರ ಮಾತು ಮೊದಲಿಗೆ ಬಾತುಕೋಳಿಯ ಕೂಗಿನಂತಿದ್ದರೆ ಗಾಬರಿಯಾಗಬೇಕಾದುದಿಲ್ಲ. ಇಂದಿನ ಹವ್ಯಾಸಿಗಳು ವಾಹಕತರಂಗವನ್ನೂ ಒಂದು ಪಾರ್ಶ್ವಪಟ್ಟಿಯನ್ನೂ ಬಿಟ್ಟು, ಉಳಿದೊಂದನ್ನೇ ಕಳುಹಿಸುತ್ತಾರೆ. ಮೋರ್ಸ್ ಸಂಕೇತವನ್ನು ಕೇಳಲೆಂದು ಹಳೆಯ ಗ್ರಾಹಕದಲ್ಲಿಟ್ಟಿರುವ ‘ಬಿಎಫ್‌ಓ’ ಎಂಬ ಆಂದೋಲಕವನ್ನು ಹಾಕಿ, ವರ್ಧನೆಯನ್ನು ತಗ್ಗಿಸಿ, ಅದರ ಗುಬ್ಬಿಯನ್ನು ನಯವಾಗಿ ತಿರುಗಿಸಿದರೆ, ಬಿಟ್ಟುಹೋದ ವಾಹಕವನ್ನು ಗ್ರಾಹಕವೇ ಒದಗಿಸಿದಂತಾಗಿ ಮಾತು ಮನುಷ್ಯರ ಮಾತಾಗುತ್ತದೆ. ಒಂದು ಕೆಲಸಕ್ಕೆಂದು ಇಟ್ಟ ಭಾಗ ಮತ್ತೊಂದು ಕಾಲದ ಮತ್ತೊಂದು ಕೆಲಸಕ್ಕೆ ಒದಗಿಬರುವುದನ್ನು ಕಂಡು ಸಂತೋಷಪಡದವರಾರು?

ಎಲ್‌ಇಡಿ ದೀಪಗಳೂ ಮೊಬೈಲ್ ಚಾರ್ಜರುಗಳೂ ಹೊಮ್ಮಿಸುವ ಗಲಭೆ ಮಾತ್ರ ಇಂದಿನ ದೊಡ್ಡ ಪೀಡೆ. ಅವುಗಳನ್ನು ಒಂದೊಂದಾಗಿ ಆರಿಸಿ ಯಾವುದು ತಪ್ಪಿತಸ್ಥವೆಂದು ಕಂಡುಹಿಡಿಯುವುದೂ ಒಳ್ಳೆಯ ಪ್ರಯೋಗವೇ.

ಕೇಳುವುದಷ್ಟೇ ಸಾಲದೆ ಮಾತನಾಡಲೂ ಬಯಸುವವರು ಕೇಂದ್ರ ಸರ್ಕಾರ ನಡೆಸುವ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಪರವಾನಗಿ ಪಡೆಯಬೇಕು. ಪರವಾನಗಿಯಿಲ್ಲದೆ ಪ್ರೇಷಕವನ್ನು ನಡೆಸುವುದು ಅಪರಾಧ. ವಿದ್ಯಾರ್ಥಿಗಳೂ ಈ ಪರೀಕ್ಷೆಗೆ ಕುಳಿತುಕೊಳ್ಳಬಹುದು.

ಇಂದಿನ ಕೈಫೋನಿನ ಸಾಮರ್ಥ್ಯದ ಮುಂದೆ ಈ ಹಳೆಯ ಪೆಟ್ಟಿಗೆ ಏನೂ ಅಲ್ಲವೆಂಬುದು ನಿಜ. ಆದರೆ ಕೈಫೋನನ್ನು ಬಿಚ್ಚಿದರೆ ಕಾಣುವುದು ಕಪ್ಪು ಬಿಲ್ಲೆಗಳ ಸಾಲು ಮಾತ್ರ. ಇಲ್ಲಿಯಾದರೋ ಪುಸ್ತಕದಲ್ಲಿ ಓದಿದ ಸುರುಳಿಯನ್ನು ಕಣ್ಣಿನಿಂದ ಕಾಣಬಹುದು, ಕಂಡೆನ್ಸರಿನ ಎಲೆಗಳು ಒಂದರೊಳಗೊಂದು ಸರಿಯುವುದನ್ನು ನೋಡಬಹುದು, ಅನುರಣನವನ್ನು ಕಿವಿಯಿಂದ ಕೇಳಬಹುದು. ಇದನ್ನು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಅಟ್ಟಗಳಲ್ಲಿ ಯಂತ್ರಗಳೂ ಇವೆ. ಮುಂದಿನ ಬಾರಿ ಅಂತಹ ಪೆಟ್ಟಿಗೆ ತಕ್ಕಡಿಯೇರುವ ಮುನ್ನ ಅದರ ಒಡೆಯರನ್ನು ಕಂಡು, ಅದರ ಮಂಡಲಚಿತ್ರವಿದೆಯೇ ಎಂದು ವಿಚಾರಿಸಿ, ಬರೆದುಕೊಳ್ಳಲು ಒಂದು ನೋಟುಪುಸ್ತಕವನ್ನು ಜೊತೆಗೆ ಒಯ್ಯಿರಿ. ಕೆಲಸ ಅಲ್ಲಿಂದಲೇ ಮೊದಲಾಗುತ್ತದೆ.